ದೊಡ್ಡಮ್ಮನ ರೋಮನ್ ಪಂಚಾಂಗ

ನಮ್ಮ ದೊಡ್ಡಮ್ಮನಿಗೆ ತಲೆ ಕೆಟ್ಟಿದೆಯೆಂದು ನಾನು ಹೇಳುವುದಿಲ್ಲ. ಕೆಡುವುದಿದ್ದರೆ ಶನಿವಾರ, ಭಾನುವಾರ ಕೆಡಬಾರದೇ ಎಂಬುದಷ್ಟೇ ನನ್ನ ದೂರು!

ಆಕೆ ನಮ್ಮಮ್ಮನ ಅಕ್ಕ. ಮೈಸೂರಿನಲ್ಲಿ ಡಾಕ್ಟರಿಕೆ ಓದಿ, ನಾನು ಹುಟ್ಟುವ ಮೊದಲೇ ಕೆನಡಾಕ್ಕೆ ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತೈದು ವರ್ಷ ಮೈಕ್ರೋಸ್ಕೋಪು ನೋಡಿದವರು. ದೊಡ್ಡಪ್ಪ ಹೋದ ಮೇಲೆ ಕ್ಲೈನ್‌ಬರ್ಗ್‌ನ ಮನೆಯಲ್ಲಿ ಒಬ್ಬರೇ. ಮಕ್ಕಳಿಲ್ಲ. ಈ ವಯಸ್ಸಿನಲ್ಲಿ ಬೇರೆಯವರು ಭಜನಾ ಮಂಡಳಿ ಸೇರುತ್ತಾರೆ. ಇವರು ಲೈಬ್ರರಿಯಿಂದ ಪ್ರಾಚೀನ ರೋಮಿನ ಹಬ್ಬಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದರು. ಓದಿ ವಾಪಸು ಕೊಟ್ಟಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆಚರಿಸತೊಡಗಿದರು!

"ಅಲ್ಲ ದೊಡ್ಡಮ್ಮ, ನಮ್ಮ ಹಬ್ಬಗಳೇ ಬೇಕಾದಷ್ಟಿವೆಯಲ್ಲ?" ಎಂದೆ.

"ಎಲ್ಲಿದೆ ಕಣೇ? ಗಣೇಶ ಬುಧವಾರ ಬಂದ್ರೆ, ಹಾಲ್ ಸಿಗಲಿಲ್ಲ ಅಂತ ಮುಂದಿನ ತಿಂಗಳ ಸ್ಯಾಟರ್‌ಡೇಗೆ ತಳ್ತೀರಿ. ಯುಗಾದಿ ಮಾಡೋದು ಮೇ ತಿಂಗಳಲ್ಲಿ. ರೋಮನ್ನರ ಹಬ್ಬ ನೋಡು, ಯಾರೂ ಪೋಸ್ಟ್‌ಪೋನ್ ಮಾಡಲ್ಲ."

"ಪೋಸ್ಟ್‌ಪೋನ್ ಮಾಡೋಕಾದ್ರೂ ಯಾರಾದ್ರೂ ಇರಬೇಕಲ್ಲ!"

"ನಾನಿದೀನಲ್ಲ."

ನಾನಿರುವುದು ಮಿಲ್ಟನ್ ಎಂಬ ಬೇರೆ ಊರಿನಲ್ಲಿ. ದಿನವಿಡೀ ಸಾಫ್ಟ್‌ವೇರಿನ ಮೀಟಿಂಗುಗಳಲ್ಲಿ ತಲೆ ಆಡಿಸಿ, ಸಂಜೆಯ ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ತೆವಳಿ, ಒಂದೂವರೆ ಸಾವಿರ ವರ್ಷ ಹಿಂದೆ ನಿಂತುಹೋದ ಹಬ್ಬಕ್ಕೆ ಹಾಜರಾಗಬೇಕು. ಹಬ್ಬವೇ ಸುಸ್ತಾಗಿ ಮಲಗಿದೆ, ನಾನೇಕೆ ಎದ್ದಿರಬೇಕು?

ಸ್ಟೌಫ್‌ವಿಲ್‌ನಲ್ಲಿ ನನ್ನ ತಂಗಿಯೂ ಇದ್ದಾಳೆ. ಆದರೆ ನಮಗಿಬ್ಬರಿಗೂ ಮಾತಿಲ್ಲ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಅಮ್ಮ ತೀರಿಕೊಂಡಾಗ ನಾನು ತಲುಪುವುದು ಮೂರು ದಿನ ತಡವಾಯಿತು. "ರಜಾ ಸಿಗಲಿಲ್ವಾ? ನಂಗೆ ಸಿಕ್ತಲ್ಲ," ಎಂದಳು ಅವಳು, ಬಂದ ನೆಂಟರೆಲ್ಲರ ಎದುರು. ನಾನೂ ಏನೋ ಅಂದೆ. ಅದನ್ನು ಇಲ್ಲಿ ಬರೆಯಲಾರೆ. ದೊಡ್ಡಮ್ಮ ಯಾರ ಪಕ್ಷವನ್ನೂ ವಹಿಸಲಿಲ್ಲ. ಒಂದು ಹಬ್ಬಕ್ಕೆ ನನ್ನನ್ನು, ಮುಂದಿನದಕ್ಕೆ ಅವಳನ್ನು ಕರೆಯುವ ಪದ್ಧತಿ ಮಾಡಿಕೊಂಡರು, ಅಷ್ಟೇ.

ಫೆಬ್ರವರಿಯದ್ದು ನನ್ನ ಪಾಲು. ಅದು ಗಡಿಕಲ್ಲಿನ ದೇವರ ಹಬ್ಬ. ರೋಮಿನಲ್ಲಿ ದೊಡ್ಡ ದೇವರಿಗೆ ಗುಡಿ ಕಟ್ಟುವಾಗ ಉಳಿದ ದೇವರುಗಳೆಲ್ಲ ಜಾಗ ಬಿಟ್ಟುಕೊಟ್ಟರಂತೆ. ಈ ಗಡಿ ದೇವರು ಮಾತ್ರ "ಕದಲೋದಿಲ್ಲ" ಎಂದು ಕೂತುಬಿಟ್ಟನಂತೆ. ಕೊನೆಗೆ ಅವನನ್ನು ಒಳಗೇ ಬಿಟ್ಟು, ಸುತ್ತ ಗುಡಿ ಕಟ್ಟಿದರಂತೆ. ಅವತ್ತು ಅಕ್ಕಪಕ್ಕದ ಜಮೀನಿನವರು ಗಡಿಯಲ್ಲಿ ಕೂಡಿ, ಕಲ್ಲಿಗೆ ತಮ್ಮ ತಮ್ಮ ಕಡೆಯಿಂದ ಹಾರ ಹಾಕಬೇಕು.

ಕ್ಲೈನ್‌ಬರ್ಗ್‌ನಲ್ಲಿ ಗಡಿಕಲ್ಲೆಲ್ಲಿ ಬರಬೇಕು? ಸರ್ವೆಯವರು ಹುಗಿದ ಕಬ್ಬಿಣದ ಗೂಟವೊಂದು ಬೇಲಿ ಪಕ್ಕದಲ್ಲಿದೆ, ಮೊಣಕಾಲುದ್ದದ ಹಿಮದ ಕೆಳಗೆ. ಬೆಳಿಗ್ಗೆ ನಮ್ಮ ಡ್ರೈವ್‌ವೇ ಅಗೆದಿದ್ದ ನಾನು ಸಂಜೆ ದೇವರನ್ನು ಅಗೆದೆ. ಸದ್ದು ಕೇಳಿ ಪಕ್ಕದ ಮನೆಯ ಮುದುಕಪ್ಪ ಹೊರಗೆ ಬಂದ. ಅವನು ಇಟಲಿಯವನು.

"ಡಾಕ್ಟರ್, ಏನು ಕಳೆದುಹೋಯಿತು?"

"ಏನೂ ಇಲ್ಲ. ಇವತ್ತು ನಿಮ್ಮ ಹಬ್ಬ! ನಿಮ್ಮ ಪೂರ್ವಜರದು," ಎಂದರು ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ.

"ನಮ್ಮ ಹಬ್ಬ ಈಸ್ಟರ್. ಇನ್ನೂ ಟೈಮಿದೆ."

ದೊಡ್ಡಮ್ಮ ಹತ್ತು ನಿಮಿಷ ಅವನಿಗೆ ಅವನದೇ ದೇಶದ ಪುರಾಣ ಹೇಳಿದರು. ಅವನು ಟೋಪಿ ತೆಗೆದು ಭಕ್ತಿಯಿಂದ ಕೇಳಿದ, ಬೋಳುತಲೆಯ ಮೇಲೆ ಹಿಮ ಬೀಳುತ್ತಿದ್ದರೂ. ಆಮೇಲೆ ಒಳಗೆ ಹೋಗಿ, ಬಾಗಿಲಲ್ಲಿ ಇನ್ನೂ ನೇತಾಡುತ್ತಿದ್ದ ಕ್ರಿಸ್‌ಮಸ್ಸಿನ ಹಾರವನ್ನೇ ಕಿತ್ತು ತಂದು ಗೂಟಕ್ಕೆ ಹಾಕಿದ. "ಎರಡು ತಿಂಗಳಿಂದ ತೆಗಿ ತೆಗಿ ಅಂತಿದ್ದಳು ನನ್ನ ಹೆಂಡತಿ," ಎಂದ. ಹಬ್ಬದಿಂದ ಒಬ್ಬರಿಗಾದರೂ ಉಪಯೋಗವಾಯಿತು.

ಮಾರ್ಚಿನದು ತಂಗಿಯ ಪಾಲು. ಹಸಿದ ಜನರಿಗೆ ದಿನಾ ಬೆಳಿಗ್ಗೆ ಬಿಸಿ ರೊಟ್ಟಿ ಹಂಚಿದ ಮುದುಕಿಯೊಬ್ಬಳು ದೇವತೆಯಾದ ಹಬ್ಬವದು. ಅವತ್ತು ಎಷ್ಟು ಲೋಟ ಕುಡಿದರೆ ಅಷ್ಟು ವರ್ಷ ಆಯಸ್ಸು! ದೊಡ್ಡಮ್ಮ ದ್ರಾಕ್ಷಾರಸದ ಬದಲು ಮಜ್ಜಿಗೆಯಿಟ್ಟರಂತೆ. "ನಿನ್ನ ತಂಗಿ ಹತ್ತೊಂಬತ್ತಕ್ಕೇ ಸೋತಳು ಕಣೇ," ಎಂದು ಫೋನಿನಲ್ಲಿ ವರದಿ ಕೊಟ್ಟರು. ನಾನು ಜೋರಾಗಿ ನಕ್ಕೆ. ಆಮೇಲೆ, ನಮಗೆ ಮಾತಿಲ್ಲವಲ್ಲ ಎಂದು ನೆನಪಾಗಿ ಸುಮ್ಮನಾದೆ.

ಏಪ್ರಿಲಿನಲ್ಲಿ ಮತ್ತೆ ನಾನು. ಕುರುಬರ ಹಬ್ಬ. ನಮ್ಮಲ್ಲಿ ಸಂಕ್ರಾಂತಿಗೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ರೋಮಿನಲ್ಲಿ ಕುರುಬರು ತಾವೇ ಹುಲ್ಲಿನ ಬೆಂಕಿ ಹಾರುತ್ತಿದ್ದರಂತೆ. ಎಪ್ಪತ್ತನಾಲ್ಕರ ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ, ಹಿತ್ತಲಲ್ಲಿ ಮೂರು ಸಲ ಹಾರಿದರು. ನಾನು ಒಂದೇ ಸಲ ಹಾರಿ ಆಫೀಸಿನ ಪ್ಯಾಂಟು ಸುಟ್ಟುಕೊಂಡೆ. ಹೊಗೆ ನೋಡಿ ಯಾರೋ ಫೋನು ಮಾಡಿರಬೇಕು, ಫೈರ್ ಇಂಜಿನ್ ಬಂತು.

"ಇದು ಧಾರ್ಮಿಕ ಆಚರಣೆಯೇ ಮೇಡಂ?" ಎಂದು ಕೇಳಿದ ಅದರಿಂದ ಇಳಿದ ಆರಡಿ ಆಳು.

"ಹೌದು."

"ಯಾವ ಧರ್ಮ?"

"ಅದರೋರು ಯಾರೂ ಉಳಿದಿಲ್ಲ. ಹೇಗೂ ಬೂಟು ಹಾಕ್ಕೊಂಡೇ ಬಂದಿದೀರಿ, ಒಂದ್ಸಲ ಹಾರಿಬಿಡಿ."

ಅವನು ನನ್ನ ಮುಖ ನೋಡಿದ. ನಾನು ನನ್ನ ಪ್ಯಾಂಟು ನೋಡಿಕೊಂಡೆ.

ಮೇ ತಿಂಗಳಲ್ಲಿ ತಂಗಿ ಏನು ಅನುಭವಿಸಿದಳೋ ಗೊತ್ತಿಲ್ಲ. ಜೂನಿನಲ್ಲಿ ಮತ್ತೆ ನನಗೆ ಕರೆ ಬಂತು. ಹೋದಾಗ ದೊಡ್ಡಮ್ಮ ಮನೆ ಹಿಂದಿನ ಮರದ ಡೆಕ್ಕಿನಲ್ಲಿ, ಮಣ್ಣಿನ ಬಾಣಲೆಯಲ್ಲಿ ಹಳದಿ ರೊಟ್ಟಿ ಸುಡುತ್ತಿದ್ದರು. ಹೂರಣ ತುಂಬುವುದನ್ನು ಮರೆತ ಒಬ್ಬಟ್ಟಿನಂತಿತ್ತು. ಒಂದು ತುಂಡು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ತಂಗಿ! ನನ್ನನ್ನು ನೋಡಿ ಮೆಟ್ಟಿಲಲ್ಲೇ ನಿಂತಳು. ನಾನು ಕಾರಿನ ಕೀ ಎತ್ತಿಕೊಂಡೆ.

"ಕೂತ್ಕೊಳ್ಳಿ ಇಬ್ಬರೂ," ಎಂದರು ದೊಡ್ಡಮ್ಮ. ಆಸ್ಪತ್ರೆಯಲ್ಲಿ ಜೂನಿಯರ್‌ಗಳಿಗೆ ಹೀಗೇ ಹೇಳುತ್ತಿದ್ದಿರಬೇಕು. "ಇದು ಒಬ್ಬಳಿಂದ ಆಗೋ ಹಬ್ಬ ಅಲ್ಲ. ಈನೋ ಅಂತ ಒಬ್ಬಳಿದ್ದಳು."

"ಹೊಟ್ಟೆ ಉಬ್ಬರಕ್ಕೆ ಕುಡಿಯೋದಾ?" ಎಂದೆ, ಮುಜುಗರ ತಡೆಯಲಾರದೆ. ಯಾರೂ ನಗಲಿಲ್ಲ.

"ಅವಳ ಸಿಸ್ಟರ್ ಬೆಂಕೀಲಿ ಹೋದಳು. ಕೂಸು ಉಳೀತು. ಈನೋ ಅದನ್ನ ತಂದು ಸಾಕಿದಳು. ಸಾಕಿದ್ದಕ್ಕೆ ಒಬ್ಬ ದೇವತೆ ಸಿಟ್ಟಾಗಿ ಹುಚ್ಚು ಹಿಡಿಸಿದಳು. ಈನೋ ಹೆತ್ತ ಮಗೂನ ತಬ್ಬಿಕೊಂಡು ಸಮುದ್ರಕ್ಕೆ ಹಾರಿದಳು. ಅಲೆ ಅವಳನ್ನ ಇಟಲಿಗೆ ತಂದು ಹಾಕ್ತು, ಅಲ್ಲಿ ದೇವರಾದಳು. ಹೆತ್ತ ಮಕ್ಕಳಲ್ಲಿ ಅವಳಿಗೆ ಅದೃಷ್ಟ ಇರಲಿಲ್ಲ, ಸಿಸ್ಟರ್ ಮಗನಲ್ಲಿ ಇತ್ತು. ಅದಕ್ಕೇ ಇವತ್ತು ನಮ್ಮ ಮಕ್ಕಳಿಗೆ ಬೇಡ್ಕೊಳ್ಳೋ ಹಾಗಿಲ್ಲ. ಅಕ್ಕತಂಗಿ ಮಕ್ಕಳಿಗೆ ಮಾತ್ರ." ರೊಟ್ಟಿ ಮಗುಚಿದರು. "ನಂಗೇನೂ ಕಷ್ಟ ಇಲ್ಲ. ನಂಗಿರೋದೇ ತಂಗಿ ಮಕ್ಕಳು."

ಕೈ ಒರೆಸಿಕೊಂಡು, ಕಣ್ಣು ಮುಚ್ಚಿದರು. "ದೊಡ್ಡೋಳ ಬೆನ್ನುನೋವು ಹೋಗ್ಲಿ. ಚಿಕ್ಕೋಳಿಗೆ ನಿದ್ದೆ ಬರಲಿ."

ತಂಗಿಗೆ ನಿದ್ದೆ ಬರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ತಂಗಿ ರೊಟ್ಟಿಯನ್ನೇ ನೋಡುತ್ತಾ, "ಇವಳ ಮಗಳು ಡ್ರೈವಿಂಗ್ ಟೆಸ್ಟ್ ಪಾಸಾಗ್ಲಿ. ಮೂರನೇ ಸಲ ಪಾಪ," ಎಂದಳು.

ನನ್ನ ಮಗಳ ಟೆಸ್ಟಿನ ವಿಷಯ ಅವಳಿಗೆ ಹೇಗೆ ಗೊತ್ತು? ದೊಡ್ಡಮ್ಮನನ್ನು ಕೇಳಿರಬೇಕು. ಅವಳು ಕೇಳಿದ್ದಾಳೆ, ನಾನು ಕೇಳಿರಲಿಲ್ಲ. ಈಗ ನನ್ನ ಸರದಿ. ಬಾಯಿ ತೆರೆದೆ. ತಂಗಿಯ ಮಗನನ್ನು ಕೊನೆಯ ಸಲ ನೋಡಿದಾಗ ಅವನಿಗೆ ನಾಲ್ಕು ವರ್ಷ. ಆರು ವರ್ಷದ ಹುಡುಗನಿಗೆ ಏನು ಬೇಕು? ಅವನಿಗೆ ಯಾವುದರ ಭಯ?

"ಅವನಿಗೆ... ಏನು ಬೇಡಲಿ?" ಎಂದು ಅವಳನ್ನೇ ಕೇಳಿದೆ.

"ಜುಲೈಲಿ ಆಪರೇಷನ್. ಎಡಗಿವಿ ಕೇಳಿಸ್ತಿಲ್ಲ. ಕ್ಲಾಸಲ್ಲಿ ಕರೆದ್ರೆ ತಿರುಗೋದೇ ಇಲ್ಲ. ಹಠ ಅಂತ ನಾನೇ ಎಷ್ಟು ಬೈದೆ."

"ಅವನಿಗೆ ಕೇಳಿಸಲಿ," ಎಂದೆ. ಸಾಲದೆನಿಸಿತು. "ಅವನಿಗೆ ಕೇಳಿಸಲಿ!" ನನ್ನ ದನಿ ನನಗೇ ಗೊತ್ತಾಗದಂತೆ ಏರಿತು, ಬೇಲಿಯಾಚೆಯ ಮುದುಕಪ್ಪ ಟೊಮೆಟೊ ಗಿಡಗಳ ನಡುವಿನಿಂದ ತಲೆಯೆತ್ತಿ ನೋಡಿದ.

"ಮೆಲ್ಲಗೆ ಅಕ್ಕ," ಎಂದಳು ತಂಗಿ, "ದೇವರ ಕಿವಿ ಸರಿಯಾಗೇ ಇದೆ."

ನಗಲು ಹೋದಳು, ಆಗಲಿಲ್ಲ. ನಾನು ಎದ್ದು ಅವಳ ಪಕ್ಕಕ್ಕೆ ಹೋಗಿ ಕೂತೆ.