ಕಚೇರಿಯೊಳಗೆ ಕುರಿ ಮಂದೆ

ಕಾಳಕ್ಕ: ನಲವತ್ತು ಕೊಡ ಸಾಹೇಬ್ರೆ! ದಿನಾ ನಲವತ್ತು! ಇದೇನು ಕಚೇರಿನೋ, ತೋಟನೋ?

ಕೊಡವನ್ನು ಶಿವಕುಮಾರಪ್ಪ ಸಾಹೇಬರ ಮೇಜಿನ ಮೇಲೇ ಕುಕ್ಕಿದಳು. ಹೊಸದುರ್ಗದ ಆ ಕಚೇರಿಗೆ ಬಾವಿಯಿಂದ ನೀರು ಹೊತ್ತು ತರುವವಳು ಅವಳೇ. ಎಪ್ಪತ್ನಾಲ್ಕರಲ್ಲಿ ಹೊಸ ಕಟ್ಟಡ ಕಟ್ಟಿಸುವಾಗ ಸಾಹೇಬರು ನಡುವೆ ಇದ್ದ ಹೊಂಗೆಮರ ಕಡಿಸಲಿಲ್ಲ. ಅದರ ಸುತ್ತ ಗೋಡೆ ಎಬ್ಬಿಸಿ, ನೆಲಕ್ಕೆ ಹುಲ್ಲು, ಕಿಟಕಿಗೆ ಬಳ್ಳಿ, ಗುಮಾಸ್ತರ ಮಧ್ಯೆ ಮಧ್ಯೆ ಗಿಡ ಹಾಕಿಸಿದ್ದರು. ಹಸಿರು ನೋಡಿದರೆ ಮನಸ್ಸು ತಂಪಾಗಿ ಕೆಲಸ ಓಡುತ್ತದಂತೆ.

ಸಾಹೇಬರು: ಇದೆಲ್ಲ ನೌಕರರ ಕ್ಷೇಮಕ್ಕಮ್ಮ.

ಕಾಳಕ್ಕ: ನನ್ ಸೊಂಟ ನೌಕರಿ ಮಾಡಲ್ವಾ?

ಸಾಹೇಬರು: ನೀನೂ ಹಸಿರು ನೋಡು. ನೋವು ಮರೆಯುತ್ತೆ.

ಕಾಳಕ್ಕ: ತಲೆ ಮ್ಯಾಲೊಂದು ಕೊಡ, ಸೊಂಟದಾಗೊಂದು ಕೊಡ. ನನಗೆ ಕಾಣಾದು ನನ್ ಕಾಲುಂಗುರ ಅಷ್ಟೆ.

ಸಾಹೇಬರು: ಗುಮಾಸ್ತರನ್ನ ನೋಡು, ಎಷ್ಟು ನೆಮ್ಮದಿಯಾಗಿದಾರೆ!

ಕಾಳಕ್ಕ: ನಿದ್ದೆ ಹೊಡಿತಾವ್ರೆ ಸ್ವಾಮಿ! ಶಿವಯ್ಯನೋರ ಹೆಗಲಿಗೆ ಬಳ್ಳಿ ಹಬ್ಬೈತೆ. ಸೋಮವಾರ ಬಿಡಿಸಿದ್ದೆ, ಮತ್ತೆ ಹಬ್ಬೈತೆ!

ಅಂದು ಮಧ್ಯಾಹ್ನ ಚಿತ್ರದುರ್ಗದಿಂದ ದೊಡ್ಡ ಸಾಹೇಬರು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಹಿಂದಿನ ಕೋಣೆಗಳಿಗೂ ಗಿಡ. ಅಂದರೆ ಎಂಬತ್ತು ಕೊಡ. ಕಾಳಕ್ಕನಿಗೆ ಅದೇ ಚಿಂತೆ. ಸಾಹೇಬರಿಗೆ ಬೇರೆ ಚಿಂತೆ: ಹುಲ್ಲು ಹಳದಿ ತಿರುಗಿತ್ತು.

ಅಷ್ಟರಲ್ಲಿ ಮತ್ತೋಡು ಹಳ್ಳಿಯ ಕುರಿಗಾಹಿ ಬೀರಪ್ಪ ತನ್ನ ಕುರಿಗಳನ್ನು ಅಂಗಳದಲ್ಲಿ ಬಿಟ್ಟು ಒಳಗೆ ಬಂದ. ಒಂದು ರುಜುವಿಗಾಗಿ ಇದು ಅವನ ಏಳನೇ ಸಲ.

ಬೀರಪ್ಪ: ಸ್ವಾಮಿ, ನಮ್ ಕಾಗದ...

ಸಾಹೇಬರು: ಕಾಗದ ಇರಲಿ. ಈ ಹುಲ್ಲು ಯಾಕಯ್ಯ ಹೀಗಾಗಿದೆ?

ಬೀರಪ್ಪ: ಗೊಬ್ರ ಇಲ್ಲ. ಕುರಿ ಮಂದೆ ನಿಲ್ಲಿಸ್ಕಳ್ರಿ. ನಮ್ ಕಡೆ ಗೌಡ್ರು ಕಾಳು ಕೊಟ್ಟು ಕರೆಸ್ಕಂತಾರೆ. ಹಿಕ್ಕೆ ಬಿದ್ದ ಹೊಲ ಬಂಗಾರ!

ಸಾಹೇಬರು: ಎಷ್ಟು ಹೊತ್ತು ನಿಲ್ಲಿಸಬೇಕು?

ಬೀರಪ್ಪ: ನೀವು ರುಜು ಹಾಕೋ ತನಕ.

ಮಂದೆ ನಿಲ್ಲಿಸುವುದು ಕುಯ್ಲು ಮುಗಿದ ಬರಿ ಹೊಲದಲ್ಲಿ ಎಂದು ಬೀರಪ್ಪ ಹೇಳಲಿಲ್ಲ, ಸಾಹೇಬರು ಕೇಳಲಿಲ್ಲ. ಕಾಳಕ್ಕನಿಗೆ ಗೊತ್ತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ತಾನೇ ಹೋಗಿ ಎರಡೂ ಬಾಗಿಲು ತೆರೆದಳು.

ಅರವತ್ತು ಕುರಿ ನುಗ್ಗಿದವು. ಹುಲ್ಲು ಹೋಯಿತು, ಗಿಡ ಹೋಯಿತು, ಶಿವಯ್ಯನ ಹೆಗಲ ಬಳ್ಳಿಯೂ ಹೋಯಿತು. ಕುರಿಗಳು ಕಡತಕ್ಕೆ ಬಾಯಿ ಹಾಕಿದಾಗ ಗುಮಾಸ್ತರು ಎದ್ದರು. ಕಡತ ಅವುಚಿಕೊಂಡು ಮೇಜಿಂದ ಮೇಜಿಗೆ ಹಾರಿದರು. ಆಗಲೇ ಜೀಪು ಬಂತು.

ದೊಡ್ಡ ಸಾಹೇಬರು: ಭೇಷ್ ಶಿವಕುಮಾರಪ್ಪ! ನನ್ನ ಸರ್ವೀಸಿನಲ್ಲೇ ಗುಮಾಸ್ತರು ಇಷ್ಟು ಚುರುಕಾಗಿದ್ದನ್ನ ನೋಡಿಲ್ಲ! ಏನು ಗುಟ್ಟು?

ಸಾಹೇಬರು (ಕುರಿಯ ಬಾಯಿಂದ ಕಾಗದ ಎಳೆಯುತ್ತ): ಪ್ರಕೃತಿ, ಸಾರ್.

ದೊಡ್ಡ ಸಾಹೇಬರು: ಈ ಕುರಿ ಇಲ್ಲೇ ಇರಲಿ.

ಬೀರಪ್ಪ: ಅವು ನಮ್ವು ಸ್ವಾಮಿ! ರುಜು ಆದ್ರೆ ಹೊಡ್ಕಂಡು ಹೋಗ್ತೀನಿ.

ದೊಡ್ಡ ಸಾಹೇಬರು: ಸರಿ, ರುಜು ಆಗೋವರೆಗೆ ಇರಲಿ.

ಬೀರಪ್ಪ: ಹಂಗಾರೆ ಖಾಯಂ ಬಿಡ್ರಿ!

ದೊಡ್ಡ ಸಾಹೇಬರು: ಇವಕ್ಕೆ ನೀರು ಕುಡಿಸೋರು ಯಾರು?

ಎಲ್ಲರೂ ಕಾಳಕ್ಕನತ್ತ ತಿರುಗಿದರು. ಅವಳು ಕೊಡ ಬೋರಲು ಹಾಕಿ, ಹೊಂಗೆಮರಕ್ಕೆ ಒರಗಿ ಕುಂತಳು.

ಕಾಳಕ್ಕ: ಗಿಡಕ್ಕೆ ಕಾಲಿರ್ಲಿಲ್ಲ, ಹೊತ್ತೆ. ಇವಕ್ಕೆ ನಾಲ್ಕ್ನಾಲ್ಕು ಅವೆ, ಬಾವಿಗೆ ನಡೀಲಿ. ಶಿವಯ್ಯನೋರೆ, ಹೊಡ್ಕಂಡು ಹೋಗ್ರಿ. ದಾರಿ ತುಂಬ ಹಸಿರೈತೆ, ಮನ್ಸು ತಂಪಾಗ್ತೈತೆ!