ಸ್ಯಾಂಡ್‌ವಿಕೆನ್‌ನಲ್ಲಿ ನಾನು ಕೆನೆ ತೆಗೆದದ್ದು

ಇಂಗ್ಲಿಷಿನಲ್ಲಿ ಅಚ್ಚಾದದ್ದು ಸುಳ್ಳಾಗಿರುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವಳು ನಾನು. ಇದಕ್ಕೆ ಕಾನ್ವೆಂಟಿನ ಸಿಸ್ಟರುಗಳು ಅರ್ಧ ಕಾರಣ, ನಮ್ಮ ತಾತ ಇನ್ನರ್ಧ. ತಾತ ಬೆಂಗಳೂರು ದಂಡಿನಲ್ಲಿ ದೊರೆಗಳ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಎಲ್ಲೋ ದೂರದ ಗುಡ್ಡಗಳಲ್ಲಿ ಕಾಫಿ ತೋಟ ಮಾಡಿಕೊಂಡು ಕೂತಿದ್ದ ಬಿಳಿಯರಿಗೆ ಬೇಕುಬೇಕಾದ್ದನ್ನೆಲ್ಲ ರೈಲಿನಲ್ಲೂ ಎತ್ತಿನ ಗಾಡಿಯಲ್ಲೂ ಕಳಿಸುತ್ತಿದ್ದ ಅಂಗಡಿ ಅದು. ದೊರೆಗಳು ಹೋದರು, ಅಂಗಡಿ ಮುಚ್ಚಿತು, ಒಂದು ದಪ್ಪ ಕ್ಯಾಟಲಾಗು ಮಾತ್ರ ನಮ್ಮ ಮನೆ ಸೇರಿತು. ಬೇರೆ ಮಕ್ಕಳು ರಾಜಕುಮಾರಿಯ ಕಥೆ ಓದುವ ವಯಸ್ಸಿನಲ್ಲಿ ನಾನು ಅದನ್ನು ಓದಿದೆ.

ಅದೆಂಥ ಲೋಕ! ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ಬಾತ್‌ಟಬ್ಬು. ಕೊಟ್ಟಿಗೆ ತುಂಬ ಹಸು ಕಟ್ಟಿಕೊಂಡವನಿಗೂ ಸಮುದ್ರದಾಚೆಯಿಂದ ತಗಡಿನ ಡಬ್ಬಿಯಲ್ಲಿ ಬೆಣ್ಣೆ. ಹಾವು ಕಡಿತ, ಗಂಟಲು ನೋವು, ಊರಿನ ನೆನಪು, ಮೂರಕ್ಕೂ ಒಂದೇ ಟಾನಿಕ್ಕು. ಬಂಗಲೆಗೇ ಬಂದು ಪಿಯಾನೋ ಶ್ರುತಿ ಮಾಡಿಕೊಡುವ ಸೇವೆಯೂ ಇತ್ತು, ಮಳೆಗಾಲ ಹೊರತು. ಕೊನೆಯ ಪುಟದಲ್ಲಿ, ಟಾನಿಕ್ಕಿನಿಂದ ಗುಣ ಕಾಣದವರಿಗಾಗಿ, ಹೆಸರು ಕೆತ್ತಿದ ಸಮಾಧಿ ಕಲ್ಲು.

ನಾನು ಮನಸೋತದ್ದು ಮಾತ್ರ ಕೆನೆ ಯಂತ್ರಕ್ಕೆ. ಲೇಸಿನ ಗೌನು ತೊಟ್ಟ ಮೇಮ್‌ಸಾಹೇಬರೊಬ್ಬರು ಎರಡೇ ಬೆರಳಲ್ಲಿ ಹಿಡಿ ತಿರುಗಿಸುತ್ತಿದ್ದಾರೆ. ಒಂದು ಕೊಳವೆಯಲ್ಲಿ ಹಾಲು, ಇನ್ನೊಂದರಲ್ಲಿ ಕೆನೆ. ಕೆಳಗೆ, ‘ಸಿಂಪ್ಲಿಸಿಟಿ ಇಟ್‌ಸೆಲ್ಫ್. ಎ ಲೇಡಿ ಮೇ ವರ್ಕ್ ಇಟ್ ವಿದೌಟ್ ರಿಮೂವಿಂಗ್ ಹರ್ ಗ್ಲವ್ಸ್.’ ಅದಕ್ಕೂ ಕೆಳಗೆ, ಮೇಡ್ ಇನ್ ಸ್ವೀಡನ್.

ಆ ಸ್ವೀಡನ್ನಿಗೇ ಮುದುಕಿಯಾಗಿ ಬರುತ್ತೇನೆಂದು ಯಾರು ಎಣಿಸಿದ್ದರು? ಮಗಳು ವಾಣಿ ಇಲ್ಲಿ ಸ್ಯಾಂಡ್‌ವಿಕೆನ್‌ನಲ್ಲಿ ಉಕ್ಕಿನ ಸಂಶೋಧನೆ ಮಾಡುತ್ತಾಳೆ. ಅಳಿಯ ಗಿರೀಶ್ ಮನೆಯಿಂದಲೇ ಕಂಪ್ಯೂಟರಿನ ಕೆಲಸ ಮಾಡುತ್ತಾರೆ. ನಾನು ಏನೂ ಮಾಡುವುದಿಲ್ಲ. ಪಾತ್ರೆಗೆ ಮೆಷೀನಿದೆ, ನೆಲಕ್ಕೆ ತಾನೇ ಓಡಾಡುವ ರೋಬಾಟಿದೆ. ಅದು ನನ್ನ ಕಾಲಿಗೆ ಬಂದು ಮುಟ್ಟಿ, ಪೀಠೋಪಕರಣವೆಂದು ತಿಳಿದು ಪಕ್ಕಕ್ಕೆ ಹೋಗುತ್ತದೆ. ಅದರ ತಪ್ಪೇನೂ ಇಲ್ಲ.

ಈ ಸಲ ದೀಪಾವಳಿಗೆ ಸುತ್ತಮುತ್ತಲ ಕನ್ನಡದವರೆಲ್ಲ ಕಮ್ಯೂನ್‌ನ, ಅಂದರೆ ಪುರಸಭೆಯ, ಸಭಾಂಗಣದಲ್ಲಿ ಸೇರುವುದೆಂದಾಯಿತು. ಊಟದ ಉಸ್ತುವಾರಿ ವಾಣಿಯದು. ಒಬ್ಬರಿಗೆ ಕೋಸಂಬರಿ, ಒಬ್ಬರಿಗೆ ಹುಳಿ. ಹೋಳಿಗೆ ಪಂಕಜಮ್ಮನವರಿಗೆ. ಅವರು ಮಗನ ಮನೆಗೆ ಆರು ತಿಂಗಳ ವೀಸಾದಲ್ಲಿ ಬಂದವರು, ಬಂದ ವಾರವೇ ಹೋಳಿಗೆಯಿಂದ ಊರು ಗೆದ್ದವರು.

“ನನಗೇನು ಕೆಲಸ?” ಅಂದೆ.

“ನೀನು ಆರಾಮಾಗಿ ಕೂತ್ಕೋಮ್ಮ.”

ಈ ವಯಸ್ಸಿನಲ್ಲಿ ಇದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ. “ತುಪ್ಪ ನನ್ನದು,” ಎಂದುಬಿಟ್ಟೆ. “ಅಂಗಡಿ ಬೆಣ್ಣೆ ಕಾಯಿಸಿದ್ದಲ್ಲ. ಹಾಲಿಂದ ಕೆನೆ ತೆಗೆದು, ಹೆಪ್ಪು ಹಾಕಿ, ಕಡೆದು ಕಾಯಿಸಿದ್ದು. ಪಂಕಜಮ್ಮನ ಹೋಳಿಗೆ ಮೇಲೆ ಬೀಳೋದು ನನ್ನ ತುಪ್ಪ.”

ವಾಣಿ ಫೋನು ಕೈಗೆತ್ತಿಕೊಂಡಳು. “ಸರಿ. ಗ್ರೂಪಲ್ಲಿ ಹಾಕ್ಬಿಡ್ತೀನಿ. ಆಮೇಲೆ ಕೈ ಕೊಡ್ಬೇಡ.”

ಗ್ರೂಪೆಂದರೆ ಇಡೀ ಸ್ವೀಡನ್ನಿನ ಕನ್ನಡಿಗರ ವಾಟ್ಸಾಪ್ ಗ್ರೂಪು. ಅದನ್ನು ನೋಡಿದಾಗೆಲ್ಲ ನನಗೆ ತಾತನ ಕ್ಯಾಟಲಾಗೇ ಮರಳಿ ಬಂದಂತಾಗುತ್ತದೆ. ಈಗ ಸೆಟ್ಲರುಗಳು, ಪರನಾಡಿನಲ್ಲಿ ನೆಲೆಯೂರಿದವರು, ನಾವು. ಸೂಟ್‌ಕೇಸಿನಲ್ಲಿ ಹಿಡಿಸುವ ಗ್ರೈಂಡರು. ಫ್ರೋಜನ್ ಬಾಳೆ ಎಲೆ. ಮಲ್ಲೇಶ್ವರದಿಂದ ಲೈವ್ ಸತ್ಯನಾರಾಯಣ ಪೂಜೆ, ಪ್ರಸಾದ ನಿಮ್ಮದೇ. ಚಳಿ, ಕತ್ತಲೆ, ಮಂಡಿ ನೋವು, ಮೂರಕ್ಕೂ ಒಂದೇ ಲೇಹ್ಯ. ಸಮಾಧಿ ಕಲ್ಲು ಮಾತ್ರ ಇನ್ನೂ ಯಾರೂ ಹಾಕಿಲ್ಲ.

ಮುಂದಿನ ಶನಿವಾರ ಪಕ್ಕದ ಮನೆಯ ಗುನ್ನೆಲ್ ನನ್ನನ್ನು ಲೊಪ್ಪಿಸ್‌ಗೆ, ಅಂದರೆ ಹಳೇ ಸಾಮಾನಿನ ಸಂತೆಗೆ, ಕರೆದುಕೊಂಡು ಹೋದಳು. ನನ್ನ ವಯಸ್ಸಿನವಳೇ, ರಿಟೈರಾದ ಡಾನ್ಸ್ ಟೀಚರು. ನಾವು ಮಾತಾಡುವುದು ಇಂಗ್ಲಿಷಿನಲ್ಲಿ. ಅಲ್ಲಿ, ಮುರಿದ ಸ್ಕೀ ಕಟ್ಟಿಗೆಗಳ ನಡುವೆ, ಕ್ಯಾಟಲಾಗಿನ ಪುಟದಿಂದ ಎದ್ದು ಬಂದ ಹಾಗೆ ನಿಂತಿತ್ತು. ಕೆಂಪು ಬಣ್ಣ, ಎರಡು ಕೊಳವೆ, ಉದ್ದನೆಯ ಹಿಡಿ. ನನ್ನ ಕಣ್ಣು ಒದ್ದೆಯಾಯಿತು.

“ಲವ್ಲಿ,” ಎಂದಳು ಗುನ್ನೆಲ್. “ನಮ್ಮ ಅಕ್ಕನ ಮನೆಯಲ್ಲೂ ಇದೆ. ಪೆಟೂನಿಯಾ ಹೂವಿನ ಗಿಡ ಚೆನ್ನಾಗಿ ಬರುತ್ತೆ ಇದರಲ್ಲಿ.”

ನಾನು ಇದರಲ್ಲಿ ಕೆನೆ ತೆಗೆಯುವವಳೆಂದಾಗ ಅವಳೂ ಮಾರುವವನೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟದಲ್ಲಿ ಒಂದು ಎಚ್ಚರಿಕೆಯಿತ್ತು. ನಾನು ಅದನ್ನು ಅಸೂಯೆ ಎಂದು ಓದಿಕೊಂಡು ಯಂತ್ರವನ್ನು ಕೊಂಡು ತಂದೆ.

ಯಂತ್ರದ ಹೊಟ್ಟೆಯಲ್ಲಿ ಒಂದರ ಮೇಲೊಂದು ಕೂತ ತಗಡಿನ ಟೋಪಿಗಳಿದ್ದವು, ಒಂದು ತಂತಿಗೆ ಪೋಣಿಸಿ. ಯಾರದೋ ಮನೆಯ ಎಷ್ಟೋ ಕಾಲದ ಹಾಲು ಕಂಡವು. ಹಾಗೇ ಬಳಸಲಾದೀತೇ? ತಂತಿಯಿಂದ ಬಿಡಿಸಿ, ಹುಣಿಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಪ್ರತಿ ಟೋಪಿಯ ಮೇಲೂ ಒಂದೊಂದು ನಂಬರಿತ್ತೆಂದು, ಅವು ಅದೇ ಕ್ರಮದಲ್ಲಿ ಕೂರಬೇಕೆಂದು ಆಮೇಲೆ ತಿಳಿಯಿತು. ನನ್ನ ಹುಣಿಸೆಹಣ್ಣಿಗೆ ಅರ್ಧ ನಂಬರು ಹೋಗಿದ್ದವು. ಕಣ್ಣಂದಾಜಿನಲ್ಲಿ ಜೋಡಿಸಿದೆ. ಎರಡು ಮಿಕ್ಕವು. ದೇವರ ಮುಂದೆ ಇಟ್ಟೆ.

ಇನ್ನು ಹಾಲು. ಅಳಿಯಂದಿರು ಸೂಪರ್‌ಮಾರ್ಕೆಟಿನಿಂದ ಪೊಟ್ಟಣಗಟ್ಟಲೆ ತಂದುಕೊಟ್ಟರು. ಹಾಲು ಕಂಡೊಡನೆ ನಮ್ಮ ಜನ ಮಾಡುವ ಮೊದಲ ಕೆಲಸ ನಾನೂ ಮಾಡಿದೆ: ಕಾಯಿಸಿದೆ. ಕಾಯಿಸದ ಹಾಲನ್ನು ಯಾವುದಕ್ಕೇ ಆಗಲಿ ಹಾಕುವುದು ನಮ್ಮ ರಕ್ತದಲ್ಲೇ ಇಲ್ಲ. ಎಲ್ಲ ಪಾತ್ರೆಗಳಲ್ಲೂ ಕಾಯಿಸಿ ಆರಿಸಿಟ್ಟೆ. ಬೆಳಿಗ್ಗೆ ನೋಡಿದರೆ ಮೇಲೆ ಕೆನೆಯೇ ಕಟ್ಟಿರಲಿಲ್ಲ. ಬೇರೆ ಯಾರಾದರೂ ಅಲ್ಲಿಗೇ ನಿಲ್ಲುತ್ತಿದ್ದರು. ನಾನು, ‘ಅದಕ್ಕೇ ತಾನೇ ಯಂತ್ರ’ ಎಂದುಕೊಂಡೆ.

ವಾಣಿ ಕೆಲಸಕ್ಕೆ ಹೋದ ಮೇಲೆ, ಗಿರೀಶ್ ಕೋಣೆಯಲ್ಲಿ ಮೀಟಿಂಗಿಗೆ ಕೂತ ಮೇಲೆ, ಯಂತ್ರವನ್ನು ಡೈನಿಂಗ್ ಟೇಬಲ್ಲಿನ ಮೇಲೆ ಸ್ಥಾಪಿಸಿದೆ. ಅದನ್ನು ಬೋಲ್ಟು ಹಾಕಿ ಬಿಗಿಯಬೇಕಂತೆ. ಐಕಿಯಾ ತರಹದ ಟೇಬಲ್ಲಿಗೆ ತೂತು ಕೊರೆದು ಮಗಳ ಕೈಲಿ ಬೈಸಿಕೊಳ್ಳುವುದೇಕೆಂದು ಕೆಳಗೆ ಟವೆಲ್ ಹಾಸಿದೆ. ಕುಂಕುಮ ಇಟ್ಟೆ. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಕೈಗವಸೂ ಹಾಕಿಕೊಂಡೆ. ಕೈಗವಸು ತೆಗೆಯದೆಯೇ ತಿರುಗಿಸಬಹುದೆಂಬ ಕ್ಯಾಟಲಾಗಿನ ಮಾತು ನನ್ನಿಂದ ಸುಳ್ಳಾಗಬಾರದಲ್ಲ.

ಎರಡು ಬೆರಳಲ್ಲಿ ತಿರುಗಿಸಿದೆ. ಅಲ್ಲಾಡಲಿಲ್ಲ. ಎರಡು ಕೈಯಲ್ಲಿ ತಿರುಗಿಸಿದೆ. ನರಳಿತು. ಸೆರಗು ಸಿಕ್ಕಿಸಿ ಇಡೀ ಮೈಯಿಂದ ತಿರುಗಿಸಿದೆ. ತಿರುಗಿತು, ಜೊತೆಗೆ ಹಿಡಿಯಲ್ಲಿದ್ದ ಗಂಟೆ ಢಣ್ ಢಣ್ ಎನ್ನತೊಡಗಿತು. ಸಾಕಷ್ಟು ವೇಗ ಬರುವ ತನಕ ಹೊಡೆದುಕೊಳ್ಳುವ ಗಂಟೆಯಂತೆ ಅದು. ನನ್ನ ವೇಗಕ್ಕೆ ಅದು ನಿಲ್ಲುವ ಸಂಭವವೇ ಇರಲಿಲ್ಲ.

ಗಿರೀಶ್ ಕಿವಿಯ ಹೆಡ್‌ಫೋನಿನ ಜೊತೆಗೇ ಓಡಿ ಬಂದರು. “ಅತ್ತೆ, ಏನಿದು? ಬೆಂಗಳೂರು ಟೀಮಲ್ಲಿ ಒಬ್ಬರು ಮಂಗಳಾರತಿ ಅಂತ ಕೈ ಮುಗಿದರು.”

“ಎರಡೇ ನಿಮಿಷ ಗಿರೀಶ್, ಕೆನೆ ಬರ್ತಾ ಇದೆ. ಸ್ವಲ್ಪ ಆ ನಲ್ಲಿ ತಿರುಗಿಸಿ.”

ತಿರುಗಿಸಿದರು. ಹಾಲು ಇಳಿಯಿತು. ಒಂದು ಕೊಳವೆಯಲ್ಲಿ ಹಾಲು ಬಂತು. ಇನ್ನೊಂದು ಕೊಳವೆಯಲ್ಲೂ ಹಾಲೇ ಬಂತು.

ಗಿರೀಶ್ ಎರಡನ್ನೂ ರುಚಿ ನೋಡಿದರು. ಖಾಲಿ ಪೊಟ್ಟಣ ಎತ್ತಿ, ಪಕ್ಕದಲ್ಲಿ ಅಚ್ಚಾದದ್ದನ್ನು ಸಾವಕಾಶವಾಗಿ ಓದಿದರು. “ಅತ್ತೆ, ಇದು ಹೊಮೊಜಿನೈಸ್ಡ್. ಕೆನೆ ಬೇರೆ ಆಗಬಾರದು ಅಂತಾನೇ ಫ್ಯಾಕ್ಟರಿಯಲ್ಲಿ ಒಡೆದು ಹಾಲಿಗೆ ಬೆರೆಸಿಬಿಟ್ಟಿರ್ತಾರೆ. ನೀವು ದಿನವಿಡೀ ತಿರುಗಿಸಿದರೂ ಬರಲ್ಲ.”

ಅಲ್ಲಿ ನಿಲ್ಲಿಸಬಹುದಿತ್ತು. ಆದರೆ ಊರಿಗೆಲ್ಲ ಸಾರಿಯಾಗಿತ್ತು, ಯಂತ್ರದ ಫೋಟೋ ಗ್ರೂಪಿಗೆ ಹೋಗಿ, ಪಂಕಜಮ್ಮನವರು ಅದರ ಕೆಳಗೆ ಕೈ ಮುಗಿಯುವ ಚಿತ್ರ ಹಾಕಿಯಾಗಿತ್ತು. ಈ ಮನೆಯಲ್ಲಿ ನನಗೆ ಸಿಕ್ಕ ಒಂದೇ ಕೆಲಸ ಅದು. ವೇಗ ಸಾಲದೇನೋ ಎಂದುಕೊಂಡು ಜೀವ ಬಿಟ್ಟು ತಿರುಗಿಸಿದೆ. ಗಂಟೆ ನಿಂತಿತು. ಅದೇ ಕ್ಷಣಕ್ಕೆ ಯಂತ್ರ ಟವೆಲಿನ ಮೇಲೆ ನಡೆಯಲು ಶುರು ಮಾಡಿತು. ಟೇಬಲ್ಲಿನ ಅಂಚಿನ ತನಕ ಬಂದು, ಒಂದು ಸುತ್ತು ಹಾಕಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ನಾಲ್ಕೂ ಗೋಡೆಗೆ ಸಮನಾಗಿ ಹಂಚಿತು. ಸೂರಿಗೂ ಸ್ವಲ್ಪ. ಅಳಿಯಂದಿರ ಹೆಡ್‌ಫೋನಿಗೆ ಹೆಚ್ಚು. ರೋಬಾಟು ತಾನಾಗಿಯೇ ಎದ್ದು ಬಂದು, ಹಾಲಿನಲ್ಲಿ ಎರಡು ಗೆರೆ ಎಳೆದು, ಸತ್ತಿತು.

ವಾಣಿ ಸಂಜೆ ಬಂದು ಬಾಗಿಲಲ್ಲೇ ನಿಂತಳು. ಬೈಯಲಿಲ್ಲ. ನನ್ನ ಕೈಗವಸು ನೋಡಿ, “ಚಳಿ ಆಯ್ತಾಮ್ಮ?” ಅಂದಳು. ಆಮೇಲೆ ಗೋಡೆ ಒರೆಸುತ್ತ ಒಬ್ಬಳೇ ನಗತೊಡಗಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಪಂಕಜಮ್ಮನಿಗೆ ನಾನೇ ಹೇಳ್ತೀನಿ ಬಿಡು,” ಅಂದೆ. “ನನ್ನ ಕೈಲಿ ಆಗ್ಲಿಲ್ಲ ಅಂತ. ಹಬ್ಬದ ದಿನ ಮೂಲೇಲಿ ಒಂದು ಕುರ್ಚಿ ಹಾಕ್ಕೊಡು, ಕೂತ್ಕೋತೀನಿ.”

ವಾಣಿ ಹೊರಗೆ ಹೋಗಿ ಬಂದಳು. ಚೀಲದ ತುಂಬ ಅಂಗಡಿಯ ಬೆಣ್ಣೆ. “ಕಾಯ್ಸು. ಕಾಯ್ಸೋದು ನಿನ್ನ ಕೈಗುಣ ತಾನೇ? ಯಾರೂ ಕೇಳಲ್ಲ, ನಾವೂ ಹೇಳೋದು ಬೇಡ.”

ಕಾಯಿಸಿದೆ. ಕೊನೆಯಲ್ಲಿ ವೀಳ್ಯದೆಲೆ ಹಾಕಬೇಕು, ಇಲ್ಲಿ ಎಲ್ಲಿಂದ ತರುವುದು, ಎರಡು ಮೆಂತ್ಯದ ಕಾಳು ಹಾಕಿದೆ. ಮರಳು ಮರಳಾಗಿ ಬಂತು. ದೀಪಾವಳಿಯ ದಿನ ಪಂಕಜಮ್ಮನವರು ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿದರು.

“ಇದು ನೋಡ್ರೀ ತುಪ್ಪ,” ಎಂದರು ಎಲ್ಲರಿಗೂ ಕೇಳುವಂತೆ. “ಅಂಗಡಿ ಬೆಣ್ಣಿದು ಬಾಯಿಗಿಟ್ರ ಗೊತ್ತಾಗ್ತದ. ಆ ಹಳೇ ಮಷೀನ್ ಅಂದ್ರ ಮಷೀನ್!”

ನಾನು ಬಾಯಿ ತೆರೆದೆ. ವಾಣಿ ಅದರೊಳಗೆ ಒಂದು ತುಂಡು ಹೋಳಿಗೆ ಇಟ್ಟಳು.

ಮರುದಿನ ಪಂಕಜಮ್ಮನವರ ಮಗ, ಪಾಪ ಒಳ್ಳೆಯ ಹುಡುಗ, ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ಜಾಹೀರಾತು ಹಾಕೇಬಿಟ್ಟ: ನಮ್ಮವರಿಗಾಗಿ, ಸ್ವೀಡನ್ನಿನಲ್ಲೇ, ನೂರು ವರ್ಷ ಹಳೆಯ ಯಂತ್ರವಿರುವ ಮನೆಯಿಂದ, ತಾಜಾ ತುಪ್ಪ. ಕಾರ್ಲ್‌ಸ್ಟಾಡ್‌ನ ವಿದ್ಯಾರ್ಥಿಗಳು ಕೇಳಿದರು. ಟೋರ್ಸ್‌ಲಾಂಡದ ಕಾರು ಇಂಜಿನಿಯರರು ಕೇಳಿದರು. ಬಾಣಂತಿಯೊಬ್ಬಳು ಬೇಗ ಬೇಕೆಂದಳು.

“ಅಮ್ಮ, ಡಿಲೀಟ್ ಮಾಡಿಸು ಅದನ್ನ. ಇದು ಚೀಟಿಂಗ್,” ಅಂದಳು ವಾಣಿ.

ನಾನು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದೆ. ಯಂತ್ರ ನೂರು ವರ್ಷ ಹಳೆಯದು, ನಿಜ. ಅದು ನಮ್ಮ ಮನೆಯಲ್ಲಿದೆ, ನಿಜ. ತುಪ್ಪ ತಾಜಾ, ನಿಜ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಈಗ ವಾರಕ್ಕೆರಡು ದಿನ ನನಗೆ ಬಿಡುವೇ ಇಲ್ಲ. ಅಡುಗೆಮನೆಯ ಪರದೆ ಎಳೆದುಕೊಂಡು ಬೆಣ್ಣೆಯ ಕಾಗದ ಸುಲಿಯುತ್ತೇನೆ. ಮಗಳು ಕೋಪಿಸಿಕೊಂಡೇ ಡಬ್ಬಿಗಳ ಮುಚ್ಚಳ ಬಿಗಿಯುತ್ತಾಳೆ. ಆ ಹುಡುಗ ಹಾಕಿದ ಜಾಹೀರಾತಿನ ಇಂಗ್ಲಿಷಿನಲ್ಲಿ ವ್ಯಾಕರಣ ದೋಷಗಳಿದ್ದವು. ಕಾನ್ವೆಂಟಿನಲ್ಲಿ ಓದಿದವಳು, ಮನಸ್ಸು ತಡೆಯಲಿಲ್ಲ. ಅದನ್ನು ತಿದ್ದಿಕೊಟ್ಟವಳೂ ನಾನೇ.