ಬೂದಿ ಬಾಂಡ್ಲಿ ಬಿಟ್ಟ ಬೆಕ್ಕುಗಳು

ಪಶು ಆಸ್ಪತ್ರೆಯ ಕಾಂಪೌಂಡರ್ ಕೆಲಸವೇ ಹಾಗೆ. ‘ಇದು ನನ್ನ ಕೆಲಸವಲ್ಲ’ ಎಂದು ಯಾವುದನ್ನು ಹೇಳುತ್ತೀರೋ, ಮರುದಿನದಿಂದ ಅದೇ ನಿಮ್ಮ ಕೆಲಸವಾಗುತ್ತದೆ. ಸರ್ಕಾರ ನನಗೆ ಸಂಬಳ ಕೊಟ್ಟಿದ್ದು ದನ, ಎಮ್ಮೆ, ಕುರಿಗಳಿಗಾಗಿ. ಹೆಸರು ಬಂದದ್ದು ಮಾತ್ರ ಬೆಕ್ಕಿನಿಂದ, ಅದರಲ್ಲೂ ಬೆಕ್ಕಿನ ಉಚ್ಚೆಯಿಂದ.

ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕೋಲಾರದ ಕಡೆ ಬೆಕ್ಕು ಸಾಕಿದ ಮನೆಗಳಲ್ಲಿ ಬಚ್ಚಲ ಪಕ್ಕ ಒಂದು ಹಳೇ ಬಾಂಡ್ಲಿಯಲ್ಲಿ ಒಲೆಯ ಬೂದಿ ತುಂಬಿಡುತ್ತಿದ್ದರು. ಬೆಕ್ಕು ಅದರಲ್ಲಿ ಕೆರೆದು, ಕೂತು, ಮುಚ್ಚಿ ಬರಬೇಕು. ಅದು ಬಾಂಡ್ಲಿ ಬಿಟ್ಟು ಹಾಸಿಗೆಗೋ ಅಕ್ಕಿ ಮೂಟೆಗೋ ತಿರುಗಿದರೆ ಎರಡು ದಿನ ಬೈಗುಳ, ಮೂರನೆಯ ದಿನ ಗೋಣಿಚೀಲ. ಚೀಲದಲ್ಲಿ ಕಟ್ಟಿ ಕೆರೆಯಾಚೆ ಬಿಟ್ಟು ಬರುವುದು. ನನ್ನ ಹೆಮ್ಮೆ ಇಷ್ಟೇ: ನಾನು ಕೈಗೆತ್ತಿಕೊಂಡ ಮೇಲೆ ಒಂದು ಬೆಕ್ಕೂ ಗೋಣಿಚೀಲ ಹತ್ತಲಿಲ್ಲ. ಒಂದು ಮಾತ್ರ ಚೀಲದ ಬಾಯಿವರೆಗೆ ಹೋಗಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಫಿನಾಯಿಲ್ ಅಜ್ಜಿ

ಕ್ಯಾಲನೂರಿಗೆ ಡಾಕ್ಟರ ಜೊತೆ ದನಗಳಿಗೆ ಕಾಲುಬಾಯಿ ಜ್ವರದ ಚುಚ್ಚುಮದ್ದು ಹಾಕಲು ಹೋಗಿದ್ದೆ. ಒಬ್ಬ ಅಜ್ಜಿ ಬಂದು, “ಸ್ವಾಮಿ, ನಮ್ಮ ಬೆಕ್ಕು ಮಡಿಸಿಟ್ಟ ಹಾಸಿಗೆ ಮೇಲೇ ಉಯ್ತದೆ, ಅದಕ್ಕೂ ಒಂದು ಸೂಜಿ ಹಾಕಿ” ಅಂದರು. ಡಾಕ್ಟರು ನಕ್ಕು, “ಅದೆಲ್ಲ ನಮ್ಮ ಕಾಂಪೌಂಡರಿಗೆ ಬಿಟ್ಟಿದ್ದು” ಎಂದು ನನ್ನ ಕಡೆ ಕೈ ತೋರಿಸಿದರು. ತಮಾಷೆಗೆ ಅಂದದ್ದು. ಆದರೆ ಊರಿನ ದನಗಳೂ ಜನಗಳೂ ನನ್ನನ್ನೇ ನೋಡುತ್ತಿದ್ದಾಗ ಗೊತ್ತಿಲ್ಲ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ.

ಅಜ್ಜಿಯ ಮನೆಗೆ ಹೋಗಿ ಒಂದು ಗಂಟೆ ಸುಮ್ಮನೆ ಕೂತೆ. ಬೆಕ್ಕು ಬಾಂಡ್ಲಿಯ ಹತ್ತಿರ ಹೋಯಿತು, ಮೂಸಿತು, ಸೀನಿತು, ತಿರುಗಿ ಬಂತು. ನಾನೂ ಹೋಗಿ ಮೂಸಿದೆ. ನಾನೂ ಸೀನಿದೆ.

“ಅಜ್ಜಿ, ಇದಕ್ಕೇನು ಹಾಕ್ತೀರಿ?”

“ದಿನಾ ಫಿನಾಯಿಲ್ ಹಾಕಿ ತೊಳೀತೀನಿ ಸ್ವಾಮಿ. ನಮ್ಮ ಮನೇಲಿ ಬೆಕ್ಕಿಗೂ ಶುದ್ಧ ಇರಬೇಕು.”

ಫಿನಾಯಿಲ್ ಬೇಡ, ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ, ಉಚ್ಚೆ ಹೊಯ್ದ ಹಾಸಿಗೆಯನ್ನು ವಾಸನೆ ಹೋಗುವ ತನಕ ಒಗೆಯಿರಿ ಎಂದು ಹೇಳಿ ಬಂದೆ. ವಾರದಲ್ಲಿ ಅಜ್ಜಿ ಆಸ್ಪತ್ರೆಗೇ ಬಂದರು. ಬೆಕ್ಕು ಸರಿಹೋಗಿತ್ತು. ಕೈಯಲ್ಲಿ ಬಾಟಲಿ ಇತ್ತು. ಮೂಗಿಗೆ ಸೆರಗು ಹಿಡಿದು ಸುತ್ತ ನೋಡಿ ಹೇಳಿದರು: “ಉಳಿದ ಫಿನಾಯಿಲ್ ನೀವೇ ಇಟ್ಕೊಳಿ ಸ್ವಾಮಿ. ನಮ್ಮ ಬೆಕ್ಕಿಗಿಂತ ನಿಮಗೇ ಜಾಸ್ತಿ ಬೇಕಾಗೈತೆ.”

ಮಾವಿನ ಕೋಣೆಯ ಗಂಡುಬೆಕ್ಕು

ಶ್ರೀನಿವಾಸಪುರಕ್ಕೆ ವರ್ಗವಾದಾಗ ನನ್ನ ಹೆಸರು ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಮಾವಿನ ತೋಟದ ಮನೆಯವರು ಹೇಳಿಕಳಿಸಿದರು. ಹುಲ್ಲಿನಲ್ಲಿ ಹಣ್ಣಿಗೆ ಹಾಕಿದ ಮಾವಿನ ಕೋಣೆಯ ಬಾಗಿಲಿಗೆ ಬೆಕ್ಕು ದಿನಾ ಉಚ್ಚೆ ಹಾರಿಸುತ್ತಿತ್ತು. ಆ ಮನೆಯ ಅಮ್ಮ, “ಏಮಂಡಿ ಕಾಂಪೌಂಡರ್‌ಗಾರು, ಕೋಣೆ ತೆಗೆದ್ರೆ ಮಾವಿನ ವಾಸ್ನೆ ಬರಬೇಕಲ್ಲ, ಇಲ್ಲಿ ನಿಂತು ನೋಡಿ” ಎಂದರು. ನಿಂತೆ. ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಈ ಬೆಕ್ಕು ಕೂತು ಹೊಯ್ಯುತ್ತಿರಲಿಲ್ಲ. ನಿಂತು, ಬಾಲ ಎತ್ತಿ ನಡುಗಿಸಿ, ಹಿಂದಕ್ಕೆ ಹಾರಿಸುತ್ತಿತ್ತು. ಇದಕ್ಕೂ ಬಾಂಡ್ಲಿಗೂ ಸಂಬಂಧವಿಲ್ಲ. ತೋಟದಿಂದ ಬರುವ ಇನ್ನೊಂದು ಗಂಡುಬೆಕ್ಕಿಗೆ ‘ಇದು ನನ್ನ ಜಾಗ’ ಎಂದು ತಿಳಿಸುವ ಕ್ರಮ ಅದು. ನಾವು ಹೊಲಕ್ಕೆ ಗಡಿಕಲ್ಲು ನೆಡುವುದಿಲ್ಲವೇ, ಹಾಗೆ. ನಮ್ಮ ಡಾಕ್ಟರು ಅದಕ್ಕೆ ಶೀಲ ಹೊಡೆದರು, ಎಂದರೆ ಬೀಜ ತೆಗೆದರು. ತಿಂಗಳೊಳಗೆ ಬಾಗಿಲು ಒಣಗಿತು.

ಧನ್ಯವಾದ ಹೇಳಲು ಗಂಡ ಹೆಂಡತಿ ಇಬ್ಬರೂ ಬಂದರು. ಅಮ್ಮ ಹೇಳಿದರು: “ಅದ್ಭುತ ಸಾರ್. ಮೊದಲು ಊರೆಲ್ಲ ತಿರುಗೋದು, ಊಟಕ್ಕೆ ಮಾತ್ರ ಮನೆಗೆ ಬರೋದು. ಈಗ ಜಗಲಿ ಬಿಟ್ಟು ಇಳಿಯಲ್ಲ, ಹೇಳಿದ ಮಾತು ಕೇಳ್ತದೆ.” ಆಮೇಲೆ ಸುಮ್ಮನೆ ಒಂದು ಸಲ ತಮ್ಮ ಯಜಮಾನರ ಕಡೆ ನೋಡಿದರು. ಯಜಮಾನರು ಆಗಲೇ ಚಪ್ಪಲಿ ಮೆಟ್ಟಿದ್ದರು.

ಹೊರಗಿನವನು

ಮುಳಬಾಗಿಲಿನಲ್ಲಿದ್ದಾಗ ಕುರುಡುಮಲೆ ಪಕ್ಕದ ಒಬ್ಬ ರೇಷ್ಮೆ ರೈತ ಓಡಿ ಬಂದ. ಹುಳುಗಳು ನಾಲ್ಕನೇ ಜ್ವರ ಎದ್ದು, ಎಂದರೆ ಕೊನೆಯ ಪೊರೆ ಕಳಚಿ, ಗಬಗಬ ತಿನ್ನುವ ಕಾಲ. ಇಲಿ ಕಾಟಕ್ಕೆಂದು ಸಾಕಿದ ಬೆಕ್ಕು ಹಿಪ್ಪುನೇರಳೆ ಸೊಪ್ಪಿನ ರಾಶಿಗೇ ಉಚ್ಚೆ ಹೊಯ್ಯುತ್ತಿತ್ತು. ಆ ಸೊಪ್ಪು ಹುಳುವಿಗೆ ಹಾಕುವ ಹಾಗಿಲ್ಲ. ಬೆಕ್ಕನ್ನು ಓಡಿಸಿದರೆ ಇಲಿ ಹುಳುವನ್ನೇ ತಿನ್ನುತ್ತದೆ. ಬೆಳೆ ಉಳಿಯಬೇಕಾದರೆ ಬೆಕ್ಕು ಉಳಿಯಬೇಕಿತ್ತು.

ಸೈಕಲ್ ತುಳಿದುಕೊಂಡು ಹೋದೆ. ಅವನ ಹೆಂಡತಿ ಹುಳುಮನೆ ಬಾಗಿಲಲ್ಲಿ ಕೈ ಅಡ್ಡ ಹಿಡಿದರು. “ಒಳಗೆ ಬರಂಗಿಲ್ಲ ಸಾರ್. ಹುಳ ಇರೋವಾಗ ಹೊರಗಿನೋರನ್ನ ಬಿಡಲ್ಲ.”

“ಬೆಕ್ಕು ಒಳಗೇ ಇದೆಯಲ್ಲಮ್ಮ?”

“ಅದು ನಮ್ಮನೇದು.”

ಹೀಗೆ ರೋಗಿ ಒಳಗೆ, ವೈದ್ಯ ಕಿಟಕಿಯಲ್ಲಿ. ರೈತ ಒಳಗಿನಿಂದ ಹೇಳುತ್ತಿದ್ದ, ನಾನು ಹೊರಗಿನಿಂದ ಕೇಳುತ್ತಿದ್ದೆ. ಬಾಂಡ್ಲಿ ಎಲ್ಲಿ? ಹಿತ್ತಲಲ್ಲಿ. ಮೊದಲು ಎಲ್ಲಿತ್ತು? ಇದೇ ಕೋಣೆಯ ಮೂಲೆಯಲ್ಲಿ. ಈಗ ಆ ಮೂಲೆಯಲ್ಲಿ ಏನಿದೆ? ಅವನು ತಿರುಗಿ ನೋಡಿ, “ಸೊಪ್ಪಿನ ರಾಶಿ ಸಾರ್” ಅಂದ.

ಬೆಕ್ಕು ಜಾಗ ಬದಲಿಸಿರಲಿಲ್ಲ. ಇವರು ಬದಲಿಸಿದ್ದರು. ಸೊಪ್ಪನ್ನು ಪಕ್ಕದ ಕೋಣೆಗೆ ಸಾಗಿಸಿ ಬಾಗಿಲು ಹಾಕಿಸಿದೆ. ಬಾಂಡ್ಲಿಯನ್ನು ಹಳೇ ಮೂಲೆಗೆ ತರಿಸಿ, ದಿನಕ್ಕೊಂದು ಮೊಳದಂತೆ ಬಾಗಿಲ ಕಡೆ ಸರಿಸುತ್ತ ಹೊರಗೆ ಒಯ್ಯಲು ಹೇಳಿದೆ. ಬೆಕ್ಕು ಬಾಂಡ್ಲಿಯ ಹಿಂದೆಯೇ ಹೋಯಿತು. ರೇಷ್ಮೆಗೂಡು ಚೆನ್ನಾಗಿ ಬಂತು.

ರೈತ ಸಿಹಿ ತಂದು ಕೊಟ್ಟಾಗ ನಾನು ಎದೆ ಉಬ್ಬಿಸಿಕೊಂಡೆ. ಅವನು ಕೈಮುಗಿದು, “ಎಲ್ಲಾ ಕುರುಡುಮಲೆ ಗಣಪ್ಪನ ದಯೆ ಸಾರ್. ಬೆಕ್ಕು ನೆಟ್ಟಗಾಗಲಿ ಅಂತ ಹರಕೆ ಹೊತ್ತಿದ್ದೆ” ಅಂದ. ಬೆಕ್ಕು ನೆಟ್ಟಗಾಗಲಿ ಎಂದು ಇಲಿಯ ಮೇಲೆ ಕೂರುವ ದೇವರನ್ನು ಕೇಳಿದ್ದ. ಗಣಪ್ಪನ ದೊಡ್ಡ ಮನಸ್ಸು, ನಡೆಸಿಕೊಟ್ಟ.

ಡಾಕ್ಟರ ಪ್ಯಾಂಟು

ಮಾಲೂರಿನಲ್ಲಿದ್ದಾಗ ಹೆಂಚಿನ ಕಾರ್ಖಾನೆಯ ಗುಮಾಸ್ತರೊಬ್ಬರು ಬೆಕ್ಕನ್ನು ಗೋಣಿಚೀಲದ ಸಮೇತ ಆಸ್ಪತ್ರೆಗೆ ತಂದರು. “ನೀವು ಒಂದು ಸಲ ನೋಡಿ ಸಾರ್, ಆಗದಿದ್ರೆ ಹೀಗೇ ಕೆರೆ ಕಡೆ ಹೋಗ್ತೀನಿ. ಮನೆ ತುಂಬ ತೊಟ್ಟು ತೊಟ್ಟಾಗಿ ಉಯ್ತದೆ, ಹಟ ಇದಕ್ಕೆ.”

ಹೊಟ್ಟೆ ಮುಟ್ಟಿದೆ. ಕಿತ್ತಳೆಹಣ್ಣಿನಷ್ಟು ದಪ್ಪನೆಯ ಗಟ್ಟಿ ಗಂಟು. ಬೆಕ್ಕು ಕೂಗಿದ ರೀತಿ ಇವತ್ತಿಗೂ ಕಿವಿಯಲ್ಲಿದೆ. ಅದು ಹಟ ಮಾಡುತ್ತಿರಲಿಲ್ಲ, ಉಚ್ಚೆ ಕಟ್ಟಿ ಸಾಯುತ್ತಿತ್ತು. ನಾನು ಡಾಕ್ಟರನ್ನು ಊಟದಿಂದ ಎಬ್ಬಿಸಿ ಕರೆತಂದೆ. ಅವರು ಸಣ್ಣ ನಳಿಕೆ ಹಾಕಿ ನೋಡಿದರು. ಬರಲಿಲ್ಲ. ಮತ್ತೆ ಹಾಕಿದರು. ಗುಮಾಸ್ತರು ಮೂಲೆಯಲ್ಲಿ ಖಾಲಿ ಚೀಲ ಹಿಡಿದು ನಿಂತು, “ಹೊಡೆದುಬಿಟ್ಟೆ ಸಾರ್ ನಾನು, ನಿನ್ನೆ ಹೊಡೆದುಬಿಟ್ಟೆ” ಎಂದು ಅಳುತ್ತಿದ್ದರು.

ಮೂರನೆಯ ಸಲ ಬಂತು. ಬಂದದ್ದು ನೇರವಾಗಿ ಡಾಕ್ಟರ ಹೊಸ ಟೆರಿಲಿನ್ ಪ್ಯಾಂಟಿನ ಮೇಲೆ. ಬೆಕ್ಕು ಹೊಯ್ಯಬಾರದ ಕಡೆ ಹೊಯ್ದದ್ದಕ್ಕೆ ಜನ ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗುಮಾಸ್ತರು ಬಗ್ಗಿ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಡಾಕ್ಟರಿಗಲ್ಲ, ಪ್ಯಾಂಟಿಗೆ.

ನಮ್ಮನೆ ಬೆಕ್ಕು

ಕೊನೆಗೆ ಕೋಲಾರಕ್ಕೆ ಬಂದೆ. ಹೋಳೂರಿನ ರೈತರು ನನಗೊಂದು ಸನ್ಮಾನ ಇಟ್ಟುಕೊಂಡರು. ಅದಕ್ಕೆ ಸರಿಯಾಗಿ ಹತ್ತು ದಿನ ಇದೆ ಎನ್ನುವಾಗ ನಮ್ಮ ಮನೆಯ ಬೆಕ್ಕು, ಐದು ವರ್ಷ ಬಾಂಡ್ಲಿ ತಪ್ಪದ ಸಾಧು ಪ್ರಾಣಿ, ನನ್ನ ಕೆಲಸದ ಬ್ಯಾಗಿಗೆ ಹೊಯ್ದಿತು. ಮರುದಿನ ಬ್ಯಾಗಿಗೂ ಬ್ಯಾಗಿಟ್ಟ ಕುರ್ಚಿಗೂ. ಆಮೇಲೆ ಕುರ್ಚಿಯ ಮೇಲಿದ್ದ ನನ್ನ ಖಾಕಿ ಕೋಟಿಗೆ.

ನನ್ನವಳು ಅಟ್ಟದಿಂದ ಗೋಣಿಚೀಲ ಇಳಿಸಿ ನಡುಮನೆಯಲ್ಲಿ ಹಾಸಿದಳು. “ಊರ ಬೆಕ್ಕಿಗೆಲ್ಲ ಬುದ್ಧಿ ಹೇಳಿದ್ರಲ್ಲ. ಸನ್ಮಾನದೊಳಗೆ ಇದಕ್ಕೂ ಹೇಳಿ. ಇಲ್ದಿದ್ರೆ ಚೀಲಕ್ಕೆ ಹಾಕ್ತೀನಿ.”

ಬಾಂಡ್ಲಿ ಮೂಸಿದೆ, ವಾಸನೆ ಇಲ್ಲ. ಜಾಗ ಬದಲಾಗಿರಲಿಲ್ಲ. ಹೊಟ್ಟೆ ಮುಟ್ಟಿದೆ, ಮೆತ್ತಗಿತ್ತು. ಸುತ್ತಮುತ್ತ ಬೇರೆ ಬೆಕ್ಕಿನ ಸುಳಿವಿಲ್ಲ. ಒಂಬತ್ತು ದಿನ ಕಳೆಯಿತು. ನನಗೆ ಬೆಕ್ಕಿನ ಚಿಂತೆಯ ಜೊತೆ ಮಾನದ ಚಿಂತೆ. ಎಷ್ಟೋ ಬೆಕ್ಕು ಉಳಿಸಿದವನು ನನ್ನ ಮಡಿಲಲ್ಲಿ ಬೆಳೆದದ್ದನ್ನೇ ಕೆರೆಯಾಚೆ ಬಿಟ್ಟು, ಯಾವ ಮುಖ ಇಟ್ಟುಕೊಂಡು ಶಾಲು ಹೊದೆಯಲಿ?

ಆ ಸಂಜೆ ಕೆಲಸದಿಂದ ಬಂದು ಬ್ಯಾಗನ್ನು ಕುರ್ಚಿಯ ಮೇಲಿಟ್ಟೆ. ನನ್ನವಳು ಬಂದು ಚೀಲ ಎತ್ತಿಕೊಂಡಳು. ನಾನು ಬೆಕ್ಕನ್ನು ಎದೆಗೆ ಅವುಚಿಕೊಂಡೆ. ಅವಳು ಬೆಕ್ಕಿನ ಕಡೆ ನೋಡಲೂ ಇಲ್ಲ. ನನ್ನ ಬ್ಯಾಗನ್ನು ಎತ್ತಿ ಚೀಲಕ್ಕೆ ಹಾಕಿದಳು, ಕೋಟನ್ನೂ ಹಾಕಿದಳು, ಬಾಯಿ ಕಟ್ಟಿ ಹೊರಗಿನ ಜಗಲಿಯ ಗೂಟಕ್ಕೆ ನೇತುಹಾಕಿದಳು.

“ಇದೇನೇ?”

“ಸನ್ಮಾನದ ಸುದ್ದಿ ಹಬ್ಬಿದ್ಮೇಲೆ ದಿನಾ ಹತ್ತು ಮನೆ ಬೆಕ್ಕು ಮುಟ್ಟಿದ ವಾಸ್ನೆ ಹೊತ್ಕೊಂಡು ಒಳಗೆ ಬರ್ತೀರ. ಪಾಪ, ಅದು ಯಾರೋ ಹೊಸಬರು ಮನೆಗೆ ಬಂದ್ರು ಅನ್ಕೊಂಡೈತೆ. ತಪ್ಪು ಬೆಕ್ಕಿಂದಲ್ಲ ಕಣ್ರೀ, ನಿಮ್ದು.”

ಕುರ್ಚಿಯನ್ನು ಅವಳೇ ಬಿಸಿನೀರಲ್ಲಿ ತೊಳೆದಳು. ಮರುದಿನ ಬೆಳಿಗ್ಗೆ ಮನೆ ಒಣಗಿತ್ತು, ಬಾಂಡ್ಲಿಯ ಬೂದಿ ಕೆದರಿತ್ತು.

ಸನ್ಮಾನದಲ್ಲಿ ಅಧ್ಯಕ್ಷರು, “ಇವರ ಮಾತು ಮೀರಿದ ಬೆಕ್ಕು ಇಲ್ಲ” ಎಂದು ಹೊಗಳಿದರು. ಹೂಂ ಎಂದು ಶಾಲು ಹೊದ್ದು ಇಳಿದುಬಿಡಬಹುದಿತ್ತು. ಆದರೆ ಮುಂದಿನ ಸಾಲಿನಲ್ಲಿ ಹೆಂಗಸರ ಜೊತೆ ನನ್ನವಳು ಕೂತಿದ್ದಳು. ಹಾಗಾಗಿ ನಡೆದದ್ದನ್ನೆಲ್ಲ ಮೈಕಿನಲ್ಲಿ ಹೇಳಿಬಿಟ್ಟೆ. ಜನ ಬಿದ್ದು ಬಿದ್ದು ನಕ್ಕರು, ಅವಳನ್ನು ವೇದಿಕೆಗೆ ಕರೆದರು, ಶಾಲು ಅವಳಿಗೇ ಹೊದಿಸಿದೆ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಹೆಮ್ಮೆಯಾದದ್ದು ಇನ್ನೊಂದಿಲ್ಲ.

ಮೂರು ದಿನಕ್ಕೆ ನಮ್ಮ ಬಾಗಿಲಿಗೆ ಒಬ್ಬ ರೈತ ಬಂದ. “ಬೆಕ್ಕಿನ ವಿಚಾರ ಸಾರ್” ಅಂದ. ನಾನು ಅಭ್ಯಾಸಬಲದಿಂದ ಜಗಲಿಯ ಗೂಟದಿಂದ ಬ್ಯಾಗು ತೆಗೆದುಕೊಂಡು ಹೊರಟೆ. ಅವನು ನನ್ನನ್ನು ತಡೆದು, ಬ್ಯಾಗನ್ನು ಮೆಲ್ಲಗೆ ಕೈಯಿಂದ ಬಿಡಿಸಿ, ಅದೇ ಗೂಟಕ್ಕೆ ನೇತುಹಾಕಿದ.

“ನೀವು ಇಲ್ಲೇ ಇರಿ ಸಾರ್,” ಅಂದ. “ಅಮ್ಮಾವ್ರನ್ನ ಕಳಿಸಿ.”